ಹಿಡಿದು ತಂದ ತುಡುವೆ ಪೆಟ್ಟಿಗೆ ಬಿಟ್ಟು ಹೋದರೆ: ಕಾರಣ ಹುಡುಕುವ ಬಗೆ

ಅಕ್ಟೋಬರ್–ನವೆಂಬರಿನ ತುಲಾ ಮಳೆ ಕಡಿಮೆಯಾಗಿ ಬಿಸಿಲು ಹದಕ್ಕೆ ಬಂದ ಮೇಲೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಪಾಲಾಗಲು, ಅಂದರೆ ಒಂದು ಕುಟುಂಬ ಒಡೆದು ಬೇರೆ ಹಿಂಡಾಗಿ ಹೊರಡಲು, ಶುರುವಾಗುತ್ತದೆ. ನವೆಂಬರಿನಿಂದ ಫೆಬ್ರವರಿ ತನಕ ಹಲಸಿನ ಗೆಲ್ಲಿನಲ್ಲೋ ಕೊಕ್ಕೋ ಗಿಡದಲ್ಲೋ ಗೊಂಚಲು ಕಟ್ಟಿ ಕೂತ ಹಿಂಡು ಕಣ್ಣಿಗೆ ಬೀಳುತ್ತದೆ. ಮುರಕಲ್ಲಿನ ಗೋಡೆಯ ಮಾಟೆ (ತೂತು), ಮರದ ಪೊಟರೆ, ಹಳೆಯ ಹುತ್ತಗಳಲ್ಲಿರುವ ಕುಟುಂಬವನ್ನು ತೆಗೆದು ಪೆಟ್ಟಿಗೆಗೆ ತುಂಬಿಸುವವರೂ ಈ ಹೊತ್ತಿಗೇ ಹೊರಡುತ್ತಾರೆ. ಹಿಡಿಯುವುದು ಅಷ್ಟು ಕಷ್ಟ ಅಲ್ಲ. ಹಿಡಿದದ್ದು ನಿಲ್ಲಬೇಕು, ಅದು ಕಷ್ಟ.

"ನಿನ್ನೆ ಸಂಜೆ ತುಂಬಿಸಿದ್ದು ಮಾರಾಯ್ರೆ, ಇವತ್ತು ಹತ್ತು ಗಂಟೆಗೆ ನೋಡಿದ್ರೆ ಒಂದು ನೊಣ ಇಲ್ಲ." ಈ ಮಾತನ್ನು ಆ ತಿಂಗಳುಗಳಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳುತ್ತೇನೆ. ಪಕ್ಕದವರು "ಜೇನಿಗೆ ಕೈಗುಣ ಬೇಕು" ಎಂದು ಸಮಾಧಾನ ಹೇಳುತ್ತಾರೆ. ಕೈಗುಣದ ಮಾತು ನಾನು ಒಪ್ಪುವುದಿಲ್ಲ. ತುಡುವೆ ಸುಮ್ನೆ ಮನೆ ಬಿಡುವ ಜಾತಿ ಅಲ್ಲ. ಬಿಟ್ಟಿತು ಎಂದರೆ ಒಂದು ಕಾರಣ ಇದ್ದೇ ಇರುತ್ತದೆ, ಮತ್ತು ಹೆಚ್ಚಿನ ಸಲ ಆ ಕಾರಣದ ಗುರುತು ಖಾಲಿ ಪೆಟ್ಟಿಗೆಯೊಳಗೇ ಉಳಿದಿರುತ್ತದೆ. ಅದನ್ನು ಓದುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಇದು ತುಡುವೆಗೆ ಮಾತ್ರ. ಹೆಜ್ಜೇನು ಬಯಲಲ್ಲಿ ಒಂದೇ ಎರಿ (ಮೇಣದ ಕೋಶಗಳ ತಟ್ಟು) ಕಟ್ಟುವ ಜೇನು. ಅದನ್ನು ಪೆಟ್ಟಿಗೆಗೆ ಹಾಕಲು ಹೋಗಬೇಡಿ, ಜೀವಕ್ಕೆ ಅಪಾಯ. ಕೋಲು ಜೇನೂ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಕುಟುಕದ ಸಣ್ಣ ಜೇನಾದ ಮುಜಂಟಿಯ ಲೆಕ್ಕಾಚಾರವೇ ಬೇರೆ.

ಪೆಟ್ಟಿಗೆ ತೊಳೆಯುವ ಮೊದಲು

ಖಾಲಿ ಪೆಟ್ಟಿಗೆ ಕಂಡ ಕೂಡಲೇ ಬೇಸರದಲ್ಲಿ ಎರಿ ಕಿತ್ತು ಬಿಸಾಡಿ, ತೊಳೆದು, ಬಿಸಿಲಿಗೆ ಇಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ಸಾಕ್ಷಿ ಪೂರ್ತಿ ಹೋಯಿತು. ಮೊದಲು ಒಂದು ಬಿಳಿ ಬಟ್ಟೆಯನ್ನೋ ಹಳೆಯ ಪೇಪರನ್ನೋ ಹಾಸಿ, ಅದರ ಮೇಲೆ ಪೆಟ್ಟಿಗೆ ಬಿಚ್ಚಿ. ತುಂಬಿಸಿ ಎಷ್ಟು ದಿನಕ್ಕೆ ಹೋಯಿತು? ಎರಿಯಲ್ಲಿ ಏನು ಉಳಿದಿದೆ? ಅಡಿಮಣೆಯ (ಪೆಟ್ಟಿಗೆಯ ತಳದ ಹಲಗೆಯ) ಮೇಲೆ ಮತ್ತು ಬಾಗಿಲಿನ ಎದುರು ನೆಲದಲ್ಲಿ ಏನು ಬಿದ್ದಿದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕಾರಣ ಹೆಚ್ಚುಕಡಿಮೆ ಸಿಕ್ಕಿದ ಹಾಗೆ.

ಎರಿಯನ್ನು ಬೆಳಕಿಗೆ ಹಿಡಿದು ನೋಡಿ. ಮೊಟ್ಟೆ, ಮರಿಹುಳು, ಮುಚ್ಚಿದ ಕೋಶ, ಒಂದಿಷ್ಟು ಜೇನು ಎಲ್ಲ ಹಾಗೇ ಇದ್ದರೆ ಅವು ಗಾಬರಿಬಿದ್ದು ಹೋದವು. ಅದೇ ದಿನ ಅಥವಾ ಹಿಂದಿನ ದಿನ ಏನೋ ಆಗಿದೆ. ಇರುವೆ ನುಗ್ಗಿರಬಹುದು, ಕಣಜ ಬಂದಿರಬಹುದು, ಸೋಗೆ ಬಿದ್ದು ಪೆಟ್ಟಿಗೆ ಅಲುಗಾಡಿರಬಹುದು, ಹೊಗೆ ಜಾಸ್ತಿಯಾಗಿರಬಹುದು.

ಎರಿ ಚೊಕ್ಕವಾಗಿ ಖಾಲಿ ಇದ್ದು, ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ, ಜೇನಿನ ಕೋಶಗಳೂ ಬರಿದಾಗಿದ್ದರೆ ಕತೆ ಬೇರೆ. ಅವು ಮೊದಲೇ ತೀರ್ಮಾನ ಮಾಡಿ ಹೋದದ್ದು. ತುಡುವೆಯಲ್ಲಿ ಮೊಟ್ಟೆಯಿಂದ ಆಳು ನೊಣ ಹೊರಬರಲು 18ರಿಂದ 20 ದಿನ ಬೇಕು. ಊರು ಬಿಡುವ ಯೋಚನೆ ಬಂದ ಕುಟುಂಬದಲ್ಲಿ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಇದ್ದ ಮರಿಗಳೆಲ್ಲ ಹೊರಬರುವ ತನಕ ಕಾದು, ಇದ್ದ ಜೇನನ್ನು ಹೊಟ್ಟೆಗೆ ತುಂಬಿಸಿಕೊಂಡು, ಬಿಸಿಲೇರಿದ ಮೇಲೆ ಹೊರಡುತ್ತವೆ. ಹಾಗಾಗಿ ಇಲ್ಲಿ ಹುಡುಕಬೇಕಾದ್ದು ನಿನ್ನೆಯ ಕಾರಣವನ್ನಲ್ಲ, ಎರಡು ಮೂರು ವಾರದ ಹಿಂದಿನದ್ದನ್ನು. ಹಸಿವು, ಸೆಕೆ, ಒದ್ದೆ ಇವೇ ಜಾಸ್ತಿ.

ಎರಿಯಲ್ಲಿ ಬಲೆ ಕಟ್ಟಿ, ಬಿಳಿ ಹುಳುಗಳು ಸುರಂಗ ಕೊರೆದಿದ್ದರೆ ಎಲ್ಲರೂ "ಮೇಣದ ಹುಳು ಬಂದು ಜೇನು ಹೋಯಿತು" ಎನ್ನುತ್ತಾರೆ. ಸಾಮಾನ್ಯವಾಗಿ ಅದು ತಲೆಕೆಳಗಾದ ಲೆಕ್ಕ. ನೊಣ ಕಡಿಮೆಯಾಗಿ ಕೆಲವು ಎರಿ ಕಾವಲಿಲ್ಲದೆ ಬಿದ್ದ ಮೇಲೆಯೇ ಮೇಣದ ಪತಂಗ ಅಲ್ಲಿ ಮೊಟ್ಟೆ ಇಡುವುದು. ಎಲ್ಲ ಎರಿಯ ಮೇಲೂ ನೊಣ ತುಂಬಿ ಕೂತ ಕುಟುಂಬದಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಹಾಗಾಗಿ ಮೇಣದ ಹುಳು ಕಂಡರೆ ಅಲ್ಲಿಗೆ ನಿಲ್ಲಬೇಡಿ, ನೊಣ ಯಾಕೆ ಕಡಿಮೆಯಾಯಿತು ಎಂದು ನೋಡಿ.

ಅದೇ ದಿನ ಅಥವಾ ಮರುದಿನ ಹೋದರೆ

ಮೊದಲ ಅನುಮಾನ ರಾಣಿಯ ಮೇಲೆ. ಗೊಂಚಲನ್ನು ಪೆಟ್ಟಿಗೆಗೆ ಕೊಡವಿದಾಗ ರಾಣಿ ಒಳಗೆ ಬೀಳದಿದ್ದರೆ ಉಳಿದವು ನಿಲ್ಲುವುದಿಲ್ಲ. ಇದನ್ನು ಮರುದಿನದ ತನಕ ಕಾಯದೆ ಅಲ್ಲೇ ತಿಳಿಯಬಹುದು. ಬಾಗಿಲ ಹಲಗೆಯ ಮೇಲೆ ಕೆಲವು ನೊಣಗಳು ಹಿಂಭಾಗ ಮೇಲೆತ್ತಿ ರೆಕ್ಕೆ ಬೀಸುತ್ತಾ ನಿಂತಿದ್ದು, ಉಳಿದವು ಸಾಲಾಗಿ ಒಳಗೆ ನಡೆಯುತ್ತಿದ್ದರೆ ರಾಣಿ ಒಳಗಿದೆ. ಒಂದೊಂದೇ ಹೊರಗೆ ಹಾರಿ, ಮತ್ತೆ ಅದೇ ಗೆಲ್ಲಿಗೆ ಹೋಗಿ ಕೂರುತ್ತಿದ್ದರೆ ರಾಣಿ ಅಲ್ಲೇ ಇದೆ. ಅವಸರ ಮಾಡದೆ ಇನ್ನೊಮ್ಮೆ ಗೊಂಚಲು ಕಟ್ಟಲು ಬಿಟ್ಟು, ಮತ್ತೆ ಕೊಡವಿ. ತುಡುವೆಯ ರಾಣಿ ಆಳು ನೊಣಕ್ಕಿಂತ ಉದ್ದ, ಬಣ್ಣ ಕಪ್ಪು, ರೆಕ್ಕೆ ಹೊಟ್ಟೆಯ ತುದಿಯ ತನಕ ಬರುವುದಿಲ್ಲ. ಎರಿಯ ಮೇಲೆ ಅದು ಬೆಳಕಿನಿಂದ ತಪ್ಪಿಸಿಕೊಂಡು ಇನ್ನೊಂದು ಬದಿಗೆ ಓಡುತ್ತದೆ. ನೋಡಬೇಕಿದ್ದರೆ ಎರಿಯನ್ನು ಎತ್ತಿದ ಕೂಡಲೇ ನೆರಳಿನ ಬದಿಯನ್ನು ನೋಡಿ.

ಎರಡನೆಯದು ಪತ್ತೆ ನೊಣಗಳು. ಬೆಳಗ್ಗಿನಿಂದ ಗೆಲ್ಲಿನಲ್ಲಿ ಕೂತ ಹಿಂಡನ್ನು ಮಧ್ಯಾಹ್ನ ಹಿಡಿದರೆ, ಅಷ್ಟರೊಳಗೆ ಅವು ಹೊಸ ಮನೆ ನೋಡಿ ಆಗಿರುತ್ತದೆ. ಪೆಟ್ಟಿಗೆಯನ್ನು ಆ ಮರದ ಬುಡದಲ್ಲೇ ಇಟ್ಟರೆ ಪತ್ತೆ ನೊಣಗಳು ಮರುದಿನ ಬೆಳಿಗ್ಗೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತವೆ. ಹಿಡಿದ ದಿನವೇ ಮುಸ್ಸಂಜೆ, ನೊಣಗಳೆಲ್ಲ ಒಳಸೇರಿದ ಮೇಲೆ, ದೂರದ ತಂಪು ಜಾಗಕ್ಕೆ ಒಯ್ಯಿರಿ. ಗೊಂಚಲು ಕಟ್ಟಿದ ಹಿಂಡಿಗೆ ಹಳೆಯ ಜಾಗದ ಹಂಗು ಇರುವುದಿಲ್ಲ, ಎಲ್ಲಿ ಇಟ್ಟರೂ ಅದನ್ನೇ ಮನೆ ಎಂದು ಕಲಿಯುತ್ತದೆ.

ಪೊಟರೆ, ಮಾಟೆಯಿಂದ ತೆಗೆದ ಕುಟುಂಬದ ವಿಷಯ ಇದಕ್ಕೆ ಪೂರಾ ವಿರುದ್ಧ, ಮತ್ತು ಇಲ್ಲಿಯೇ ಜಾಸ್ತಿ ಜನ ಎಡವುವುದು. ಅವಕ್ಕೆ ಹಳೆಯ ಬಾಗಿಲಿನ ದಾರಿ ಗಟ್ಟಿಯಾಗಿ ನೆನಪಿರುತ್ತದೆ. ಹಟ್ಟಿಯ ಗೋಡೆಯಿಂದ ತೆಗೆದ ಜೇನನ್ನು ಮನೆಯ ಎದುರಿನ ತೋಟದಲ್ಲಿ ಇಟ್ಟಿರಿ ಎಂದಿಟ್ಟುಕೊಳ್ಳಿ. ಮರುದಿನ ಮೇಯಲು ಹೋದ ನೊಣಗಳೆಲ್ಲ ಹಟ್ಟಿಯ ಗೋಡೆಗೇ ವಾಪಸು. ಪೆಟ್ಟಿಗೆಯಲ್ಲಿ ಉಳಿಯುವುದು ಎಳೆ ನೊಣ ಮತ್ತು ರಾಣಿ ಮಾತ್ರ. ಮೇಯಲು ಹೋಗುವವರಿಲ್ಲ, ಕಾವಲಿಗೂ ಬಲ ಸಾಲದು. ನಾಲ್ಕು ದಿನದಲ್ಲಿ ಅದೂ ಎದ್ದು ಹೋಗುತ್ತದೆ. ಗುರುತು ಸುಲಭ. ಹಳೆಯ ಮಾಟೆಯ ಬಾಯಲ್ಲಿ ನೊಣ ಗುಂಪುಗಟ್ಟಿದ್ದರೆ ಇದೇ ಕಾರಣ.

ಮದ್ದು ಎಂದರೆ ಪೆಟ್ಟಿಗೆಯನ್ನು ಹಳೆಯ ಬಾಗಿಲಿಗೆ ಆದಷ್ಟು ಹತ್ತಿರ, ಅದೇ ದಿಕ್ಕಿಗೆ ಮುಖಮಾಡಿ ಇಡುವುದು. ಮಾಟೆಯ ಒಳಗೆ ಉಳಿದ ಮೇಣ, ಜೇನು ಎಲ್ಲ ಕೆರೆದು ತೆಗೆದು, ಬಾಯಿಯನ್ನು ಕೆಸರು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿ. ಮೇಣದ ವಾಸನೆ ಉಳಿದರೆ ಮಣ್ಣನ್ನು ಸುತ್ತಿ ಸುತ್ತಿ ಮೂಸುತ್ತಾ ಕೂರುತ್ತವೆ. ಕೆಲವು ದಿನ ಅಲ್ಲಿಯೇ ಇದ್ದು ಕಾಲಿನಲ್ಲಿ ಪರಾಗ ಹೊತ್ತು ತರಲು ಶುರುವಾದ ಮೇಲೆ, ರಾತ್ರಿ ಹೊತ್ತಿನಲ್ಲಿ ಜಾಗ ಬದಲಿಸಿ. ಬದಲಿಸುವುದಾದರೆ ಎರಡು ಕಿಲೋಮೀಟರಿಗಿಂತ ಆಚೆ. ಅಥವಾ ದಿನಕ್ಕೆ ಒಂದೆರಡು ಅಡಿಯಂತೆ ಮೆಲ್ಲಗೆ ಸರಿಸುತ್ತಾ ಬನ್ನಿ. ಇವೆರಡರ ನಡುವಿನ ದಾರಿ ಇಲ್ಲ.

ಪೆಟ್ಟಿಗೆಯ ವಾಸನೆಯನ್ನೂ ನೋಡಿ. ಹೊಸ ಪೈಂಟು, ವಾರ್ನಿಶು, ಪ್ಲೈವುಡ್ಡಿನ ಅಂಟು, ಗೊಬ್ಬರದ ಚೀಲದ ಪಕ್ಕ ಇಟ್ಟ ವಾಸನೆ ಯಾವುದೂ ಆಗುವುದಿಲ್ಲ. ಮುಚ್ಚಳ ತೆಗೆದು ಮೂಗು ಹಾಕಿ. ನಿಮ್ಮ ಮೂಗಿಗೇ ಬಡಿದರೆ ಅವಕ್ಕೆ ಇನ್ನೆಷ್ಟು! ಒಳಗೆ ಯಾವತ್ತೂ ಪೈಂಟ್ ಹೊಡೆಯಬೇಡಿ. ಹೊಸ ಪೆಟ್ಟಿಗೆಯನ್ನು ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಒಳಬದಿಗೆ ತುಡುವೆಯ ಮೇಣ ಉಜ್ಜಿ. ಮಜ್ಜಿಗೆಹುಲ್ಲನ್ನು ತಿಕ್ಕುವವರಿದ್ದಾರೆ, ಅದರಲ್ಲಿ ಅರ್ಥ ಇದೆ. ನೊಣಗಳು ಒಂದನ್ನೊಂದು ಕರೆಯಲು ಬಿಡುವ ವಾಸನೆಗೂ ಅದಕ್ಕೂ ಹೋಲಿಕೆ ಇದೆ. ಆದರೆ ಮೇಣದ ಮುಂದೆ ಅದು ಎರಡನೆಯದೇ.

ಅಡಿಮಣೆಯಲ್ಲಿ ಸತ್ತ ನೊಣಗಳ ರಾಶಿ, ಮೈಯೆಲ್ಲ ಒದ್ದೆಯಾಗಿ ಕಪ್ಪು ಹೊಳೆಯುತ್ತಿದ್ದರೆ ಅದು ಸೆಕೆಯ ಸಾವು. ಬಾಗಿಲು ಪೂರ್ತಿ ಮುಚ್ಚಿ ಮಧ್ಯಾಹ್ನದ ಬಿಸಿಲಿನಲ್ಲಿ ರಿಕ್ಷಾದಲ್ಲಿ ತಂದರೆ ಹೀಗೆ ಆಗುತ್ತದೆ. ಬಾಗಿಲಿಗೆ ತಂತಿಬಲೆ ಕಟ್ಟಿ, ರಾತ್ರಿ ತನ್ನಿ.

ಒಂದು ವಾರದೊಳಗೆ ಹೋದರೆ

ಇಲ್ಲಿ ನಾನು ಮೊದಲು ಕೇಳುವ ಪ್ರಶ್ನೆ: ಕ್ವೀನ್ ಗೇಟ್ ಹಾಕಿದ್ದೀರಾ?

ಆಳು ನೊಣ ದಾಟಬಹುದು, ರಾಣಿ ದಾಟಲಾಗದು ಎಂಬ ಲೆಕ್ಕದಲ್ಲಿ ಮಾಡಿದ ಗೇಟು ಅದು. ಹೊಸ ಕುಟುಂಬ ಓಡಿಹೋಗದಂತೆ ಬಾಗಿಲಿಗೆ ಹಾಕುತ್ತಾರೆ. ಒಳ್ಳೆಯ ಸಾಧನ, ಆದರೆ ಎಲ್ಲ ಹಿಂಡಿಗೂ ಅಲ್ಲ. ಕುಟುಂಬ ಪಾಲಾಗುವಾಗ ಮೊದಲು ಹೊರಡುವ ದೊಡ್ಡ ಹಿಂಡಿನಲ್ಲಿ ಹಳೆಯ ರಾಣಿ ಇರುತ್ತದೆ. ಅದು ಕೂಡಿ ಆದ ರಾಣಿ, ಮೊಟ್ಟೆ ಇಡಲು ತಯಾರು. ಆಮೇಲೆ ಹೊರಡುವ ಸಣ್ಣ ಹಿಂಡುಗಳಲ್ಲಿ ಇರುವುದು ಆಗಷ್ಟೇ ಹೊರಬಂದ ಕನ್ಯೆ ರಾಣಿ. ಅದು ಹೊರಗೆ ಹಾರಿ ಗಂಡು ನೊಣಗಳ ಜತೆ ಕೂಡಿ ಬಂದ ಮೇಲೆಯೇ ಮೊಟ್ಟೆ ಇಡುವುದು. ಅಂಥ ಹಿಂಡಿಗೆ ಗೇಟು ಹಾಕಿದರೆ ರಾಣಿ ಕೂಡಲು ಹೋಗುವುದಕ್ಕೇ ದಾರಿ ಇಲ್ಲ. ಕುಟುಂಬ ಒಳಗಿಂದೊಳಗೇ ಹಾಳಾಗುತ್ತದೆ.

ಹಾಗಾದರೆ ಯಾವ ಹಿಂಡು ಎಂದು ತಿಳಿಯುವುದು ಹೇಗೆ? ಗೊಂಚಲು ದೊಡ್ಡದಿದ್ದು, ಋತುವಿನ ಶುರುವಿನಲ್ಲಿ ಸಿಕ್ಕಿದರೆ ಹಳೆಯ ರಾಣಿ ಇರುವ ಸಂಭವ ಜಾಸ್ತಿ. ಮುಷ್ಟಿಗಾತ್ರದ್ದು, ಅದರಲ್ಲೂ ಒಂದೇ ತೋಟದಿಂದ ಎರಡು ಮೂರನೆಯ ಸಲ ಎದ್ದದ್ದು, ಕನ್ಯೆ ರಾಣಿಯದ್ದು. ಹಳೆಯ ರಾಣಿಯ ಹಿಂಡು ಎರಿ ಕಟ್ಟಿದ ಕೆಲವೇ ದಿನದಲ್ಲಿ ಕೋಶದ ತಳದಲ್ಲಿ ಒಂದೊಂದು ಬಿಳಿ ಮೊಟ್ಟೆ ಕಾಣುತ್ತದೆ. ಮೊಟ್ಟೆ ಕಂಡ ಮೇಲೆ ಗೇಟು ತೆಗೆಯಿರಿ. ಗೇಟನ್ನು ಮರೆತು ವಾರಗಟ್ಟಲೆ ಬಿಟ್ಟರೆ ಗಂಡು ನೊಣಗಳು ದಾಟಲಾಗದೆ ಅಲ್ಲೇ ಸತ್ತು ಬಾಗಿಲು ಕಟ್ಟುತ್ತವೆ.

ಕನ್ಯೆ ರಾಣಿಯ ಹಿಂಡನ್ನು ನಿಲ್ಲಿಸಲು ಗೇಟಿಗಿಂತ ಒಳ್ಳೆಯ ಉಪಾಯ ಒಂದಿದೆ. ಬೇರೆ ಪೆಟ್ಟಿಗೆಯಿಂದ ತೆರೆದ ಮರಿಹುಳು ಇರುವ ಒಂದು ಎರಿಯನ್ನು ನೊಣ ಕೊಡವಿ ತಂದು ನಡುವಿಗೆ ಕೊಡಿ. ಸಾಕಬೇಕಾದ ಮರಿ ಎದುರಿಗಿದ್ದರೆ ತುಡುವೆ ಬಿಟ್ಟು ಹೋಗಲು ಹಿಂದೆಮುಂದೆ ನೋಡುತ್ತದೆ. ನನ್ನ ಪ್ರಕಾರ ಹಿಡಿದ ಜೇನನ್ನು ನಿಲ್ಲಿಸುವ ಉಪಾಯಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಮರಿ ಕೊಡುವ ಪೆಟ್ಟಿಗೆಗೆ ರೋಗ ಇಲ್ಲ ಎಂದು ನೋಡಿಕೊಳ್ಳಿ, ಅಷ್ಟೇ.

ಎರಡನೆಯ ಪ್ರಶ್ನೆ ಊಟದ್ದು. ಪಾಲಾದ ಹಿಂಡು ಹೊರಡುವಾಗ ಹೊಟ್ಟೆ ತುಂಬಾ ಜೇನು ಹೊತ್ತಿರುತ್ತದೆ. ಆ ಜೇನೇ ಮೇಣವಾಗಿ ಎರಿಯಾಗಬೇಕು. ಗೆಲ್ಲಿನಲ್ಲಿ ಎರಡು ದಿನ ಕೂತದ್ದನ್ನು ನೀವು ಹಿಡಿದಿದ್ದರೆ ಅದು ಆಗಲೇ ಹಸಿದಿರುತ್ತದೆ. ಎರಿ ಅಂಗೈಯಷ್ಟೂ ಬೆಳೆಯದೆ ನಿಂತಿದ್ದರೆ, ಒಂದು ಹನಿ ಜೇನೂ ಇಲ್ಲದಿದ್ದರೆ, ಹಸಿವೇ ಕಾರಣ. ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಕುದಿಸಿ, ಪೂರ್ತಿ ತಣಿಸಿ, ದಿನಾ ಸಂಜೆ ಒಂದು ಲೋಟದಷ್ಟು ಪಾಕ ಪೆಟ್ಟಿಗೆಯ ಒಳಗೇ ಇಡಿ. ಗೆರಟೆಯಲ್ಲಿ ಇಟ್ಟು, ನೊಣ ಮುಳುಗದ ಹಾಗೆ ಮೇಲೆ ನಾಲ್ಕು ಒಣ ಕಡ್ಡಿ ಹಾಕಿ. ಬೆಲ್ಲದ ಪಾಕ ಬೇಡ. ಬೇಗ ಹುಳಿಯುತ್ತದೆ, ಹೊಟ್ಟೆಯೂ ಕೆಡುತ್ತದೆ. ಹಗಲು ಹೊತ್ತು ಕೊಟ್ಟರೆ, ಅಥವಾ ಬಾಗಿಲ ಹತ್ತಿರ ಚೆಲ್ಲಿದರೆ, ಪಕ್ಕದ ಪೆಟ್ಟಿಗೆಯ ನೊಣಗಳು ದರೋಡೆಗೆ ಬರುತ್ತವೆ. ಬಾಗಿಲಲ್ಲಿ ಜೋಡಿ ಜೋಡಿಯಾಗಿ ಕಚ್ಚಾಡಿ ಉರುಳುವ ನೊಣ ಕಂಡರೆ ಅದು ದರೋಡೆ. ಬಾಗಿಲನ್ನು ಒಂದೆರಡು ನೊಣ ಹಿಡಿಸುವಷ್ಟಕ್ಕೆ ಸಣ್ಣ ಮಾಡಿ.

ಪೊಟರೆಯಿಂದ ತಂದ ಎರಿ ಕಟ್ಟಿದ ರೀತಿಯನ್ನೂ ನೋಡಬೇಕು. ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟುವಾಗ ಎರಿಯ ಮೇಲ್ಬದಿ ಮೇಲಕ್ಕೇ ಇರಬೇಕು. ಕೋಶಗಳು ಸ್ವಲ್ಪ ಮೇಲ್ಮುಖವಾಗಿ ವಾಲಿರುತ್ತವೆ, ತಲೆಕೆಳಗೆ ಕಟ್ಟಿದರೆ ಒಳಗಿದ್ದ ರಸ ಇಳಿಯುತ್ತದೆ. ಮರಿ ಇರುವ ಎರಿಯನ್ನು ಮಾತ್ರ ಕಟ್ಟಿ. ಜೇನು ತುಂಬಿದ ಭಾಗವನ್ನು ಆಸೆಯಿಂದ ಕಟ್ಟಿದರೆ ಭಾರಕ್ಕೆ ಹರಿದು ಬೀಳುತ್ತದೆ. ಜೇನು ಅಡಿಮಣೆಗೆ ಹರಿದು, ನೊಣ ಅಂಟಿ ಸಾಯುತ್ತದೆ, ಇರುವೆಗೆ ಕರೆ ಕೊಟ್ಟ ಹಾಗಾಗುತ್ತದೆ. ಎರಡು ಎರಿಯ ನಡುವೆ ನೊಣ ಓಡಾಡಲು ಸುಮಾರು 8 ಮಿಲಿಮೀಟರ್ ಜಾಗ ಬೇಕು. ಎರಿಗಳು ಒಂದಕ್ಕೊಂದು ಒತ್ತಿದ್ದರೆ ನಡುವಿನ ಮರಿಗಳು ಸತ್ತು ನಾರುತ್ತವೆ.

ಇರುವೆಯ ಗುರುತು ಬೇಗ ಸಿಗುತ್ತದೆ. ಮರಿಯೆಲ್ಲ ಇದ್ದು ನೊಣ ಮಾತ್ರ ಇಲ್ಲ, ಎರಿಯ ತುಂಬಾ ಇರುವೆ, ಸ್ಟ್ಯಾಂಡಿನ ಕಾಲಿನಲ್ಲಿ ಸಾಲು. ನಮ್ಮ ತೋಟಗಳಲ್ಲಿ ಕೆಂಪು ಚಗಳಿಯ ಕಾಟ ಅತಿ. ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಟ್ಟರೆ ಸಾಕು ಅಂದುಕೊಳ್ಳುತ್ತಾರೆ, ಆದರೆ ಒಂದು ಕೊಕ್ಕೋ ಎಲೆ ಪೆಟ್ಟಿಗೆಗೆ ತಾಗುತ್ತಿದ್ದರೆ ಚಗಳಿಗೆ ಅದೇ ಸೇತುವೆ. ಸುತ್ತ ಒಂದು ಮಾರು ಜಾಗ ಸವರಿ. ಬಟ್ಟಲಿಗೆ ತರಗೆಲೆ ಬಿದ್ದಿದೆಯೇ ಎಂದು ದಿನಾ ನೋಡಿ.

ಮತ್ತೆ, ದಿನಾ ತೆರೆದು ನೋಡಬೇಡಿ. ಹೊಸ ಜೇನಿನ ಖುಷಿಗೆ ಮನೆಗೆ ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸುವವರಿದ್ದಾರೆ. ಪ್ರತಿ ಸಲ ಬೆಳಕು, ಗಾಳಿ, ಹೊಗೆ ಒಳಹೋಗುತ್ತದೆ. ಬೆಳಿಗ್ಗೆ ಬಾಗಿಲ ಬದಿಯಲ್ಲಿ ಹತ್ತು ನಿಮಿಷ ಕೂತು ನೋಡಿದರೆ ಒಳಗಿನದ್ದು ಹೆಚ್ಚಿನದೆಲ್ಲ ತಿಳಿಯುತ್ತದೆ. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುತ್ತಿದ್ದರೆ ಒಳಗೆ ಮರಿ ಸಾಕಣೆ ನಡೆದಿದೆ. ಪರಾಗ ಬರುವುದು ನಿಂತರೆ ಎಚ್ಚರ ಆಗಬೇಕು. ಸಂಜೆ ಪೆಟ್ಟಿಗೆಯ ಬದಿಗೆ ಕಿವಿಯಿಟ್ಟು ಬೆರಳಿನಲ್ಲಿ ಮೆಲ್ಲಗೆ ತಟ್ಟಿ. "ಸ್ಸ್" ಎಂದು ಒಮ್ಮೆಲೇ ಎದ್ದು ಕೂಡಲೇ ನಿಂತರೆ ಕುಟುಂಬ ಸುಖವಾಗಿದೆ. ನರಳಿದ ಹಾಗೆ ಎಳೆದು ಎಳೆದು ಸದ್ದು ಬರುತ್ತಿದ್ದರೆ ರಾಣಿ ಇಲ್ಲ ಎಂಬ ಅನುಮಾನ ಇಟ್ಟುಕೊಂಡು, ಆಗ ತೆರೆದು ನೋಡಿ.

ಮೂರು ವಾರ ನಿಂತು ಆಮೇಲೆ ಇಳಿದರೆ

ಇದು ಬಿಟ್ಟುಹೋಗುವುದಕ್ಕಿಂತ ಬೇರೆ. ನೊಣ ದಿನದಿನಕ್ಕೆ ಕಡಿಮೆಯಾಗುತ್ತದೆ, ಕೊನೆಗೆ ಮುಷ್ಟಿಯಷ್ಟು ಉಳಿದದ್ದು ಒಂದು ದಿನ ಕಾಣೆ.

ಕೋಶಗಳನ್ನು ಹತ್ತಿರದಿಂದ ನೋಡಿ. ಸರಿಯಾದ ರಾಣಿ ಕೋಶಕ್ಕೊಂದು ಮೊಟ್ಟೆಯನ್ನು ತಳದ ನಡುವಿಗೆ ಇಡುತ್ತದೆ. ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿದ ಹಾಗೆ ಇದ್ದರೆ ಅದು ಆಳು ನೊಣಗಳು ಇಟ್ಟದ್ದು. ರಾಣಿ ಕೂಡಲು ಹೋಗಿ ವಾಪಸು ಬರಲಿಲ್ಲ. ನೊಣ ತಿನ್ನುವ ಕಳ್ಳಿಪೀರ ಹಕ್ಕಿ ಹಿಡಿದಿರಬಹುದು, ದಾರಿ ತಪ್ಪಿರಬಹುದು. ರಾಣಿ ಇಲ್ಲದ ತುಡುವೆಯಲ್ಲಿ ಆಳು ನೊಣಗಳು ಬಹಳ ಬೇಗ ಮೊಟ್ಟೆ ಇಡಲು ಶುರುಮಾಡುತ್ತವೆ. ಅದರಿಂದ ಹುಟ್ಟುವುದು ಬರೀ ಗಂಡು ನೊಣ. ಈ ಹಂತಕ್ಕೆ ಬಂದ ಸಣ್ಣ ಕುಟುಂಬಕ್ಕೆ ಹೊಸ ರಾಣಿ ಕೊಟ್ಟರೂ ಹೆಚ್ಚಾಗಿ ಒಪ್ಪುವುದಿಲ್ಲ. ಬಲವಾದ ಇನ್ನೊಂದು ಪೆಟ್ಟಿಗೆಗೆ ಸೇರಿಸಿಬಿಡುವುದೇ ಒಳ್ಳೆಯದು. ಬೇಗ ಗೊತ್ತಾದರೆ, ಅಂದರೆ ಇನ್ನೂ ಮೊಟ್ಟೆ ಇಡದ ಹಂತದಲ್ಲಿ, ಮೊಟ್ಟೆ ಮತ್ತು ಎಳೆ ಮರಿ ಇರುವ ಎರಿ ಕೊಡಿ. ಅವೇ ರಾಣಿ ಕೋಶ ಕಟ್ಟಿಕೊಳ್ಳುತ್ತವೆ, 15–16 ದಿನದಲ್ಲಿ ರಾಣಿ ಹೊರಬರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮುಚ್ಚಿದ ಕೋಶಗಳಲ್ಲಿ ಕೆಲವು ಉಬ್ಬಿಕೊಂಡು, ನೆತ್ತಿಯಲ್ಲಿ ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ಹೊಸಬರು ಅದನ್ನು ಕಂಡು ರೋಗ ಎಂದು ಹೆದರುತ್ತಾರೆ. ಅದು ಗಂಡು ನೊಣದ ಕೋಶ, ತುಡುವೆಯಲ್ಲಿ ಅದರ ಮುಚ್ಚಳ ಇರುವುದೇ ಹಾಗೆ. ತೂತು ಸರಿಯಾಗಿ ನಡುವಿಗೆ, ದುಂಡಗೆ ಇರುತ್ತದೆ.

ರೋಗದ ತೂತು ಬೇರೆ. ಆಳು ನೊಣದ ಕೋಶದ ಚಪ್ಪಟೆ ಮುಚ್ಚಳ ಅಲ್ಲಲ್ಲಿ ಹರಿದಿದ್ದು, ಒಳಗೆ ಮರಿಹುಳು ತಲೆ ಮೇಲೆತ್ತಿ ದೋಣಿಯ ಮೂತಿಯ ಹಾಗೆ ಸೆಟೆದು ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. ಚಿಮುಟದಲ್ಲಿ ಮೆಲ್ಲಗೆ ಎಳೆದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ವೈರಸ್ಸಿನಿಂದ ಬರುವ ರೋಗ, ಮದ್ದಿಲ್ಲ. 1990ರ ದಶಕದ ಶುರುವಿನಲ್ಲಿ ದಕ್ಷಿಣ ಭಾರತದ ತುಡುವೆಯ ಬಹುಪಾಲನ್ನು ಇದು ಅಳಿಸಿಹಾಕಿತು. ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಮಾಡಬಹುದಾದ್ದು ಇಷ್ಟು: ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮರಿ ಇಲ್ಲದ ಅಂತರ ಕೊಡುವುದು, ಹಾಳಾದ ಎರಿ ತೆಗೆದು ಸುಡುವುದು, ಪಾಕ ಕೊಟ್ಟು ಬಲ ತುಂಬುವುದು. ಆ ಪೆಟ್ಟಿಗೆಯ ಎರಿ, ಚೌಕಟ್ಟು, ಮುಟ್ಟಿದ ಚಾಕು ಯಾವುದನ್ನೂ ಇನ್ನೊಂದಕ್ಕೆ ಒಯ್ಯಬೇಡಿ. ಇಷ್ಟರಲ್ಲೂ ಬದುಕಿ ಉಳಿದ ಕುಟುಂಬ ಸಿಕ್ಕಿದರೆ ಮುಂದೆ ಪಾಲು ಮಾಡುವಾಗ ಅದರಿಂದಲೇ ಮಾಡಿ.

ಬಾಗಿಲ ಎದುರು ಸತ್ತು ಬಿದ್ದಿದ್ದರೆ

ನೆಲದಲ್ಲಿ ನೊಣಗಳು ಹರಡಿ, ನಾಲಿಗೆ ಹೊರಚಾಚಿ, ಕೆಲವು ಇನ್ನೂ ಗಿರಗಿರ ತಿರುಗುತ್ತಿದ್ದರೆ ವಿಷವೇ. ಗೇರು ಹೂಬಿಡುವ ಹೊತ್ತಿಗೆ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಬಿಡುತ್ತಾರೆ, ಜೇನು ಪಾಲಾಗುವುದೂ ಅದೇ ಹೊತ್ತಿಗೆ. ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಎಣ್ಮಕಜೆಯ ಪಡ್ರೆ ಕಡೆಯಲ್ಲಿ ಜೇನುನೊಣಗಳು ಸತ್ತದ್ದು ಜನ ಕಂಡ ಮೊದಲ ಸೂಚನೆಗಳಲ್ಲಿ ಒಂದು. ಆ ಸಿಂಪಡಣೆ ನಿಂತದ್ದು 2000ದ ಕೊನೆಗೆ, ದೇಶಕ್ಕೇ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಇವತ್ತಿನ ಮದ್ದುಗಳೂ ನೊಣಕ್ಕೆ ಒಳ್ಳೆಯವಲ್ಲ. ಪಕ್ಕದ ತೋಟದವರ ಹತ್ತಿರ ಮೊದಲೇ ಹೇಳಿಟ್ಟುಕೊಳ್ಳಿ: "ಮದ್ದು ಬಿಡುವ ಹಿಂದಿನ ದಿನ ಒಂದು ಫೋನ್ ಮಾಡಿ ಭಾವ, ಮತ್ತೆ ಬಿಡುವುದಾದರೆ ನೊಣ ಗೂಡಿಗೆ ಬಂದ ಮೇಲೆ ಸಂಜೆ ಬಿಡಿ." ಕೇಳಿದರೆ ಬೇಡ ಎನ್ನುವವರು ಕಡಿಮೆ.

ಜಾಗದ ದೋಷ

ಎರಿ ಚೊಕ್ಕವಾಗಿ ಖಾಲಿಯಾಗಿದ್ದು ಬೇರೆ ಏನೂ ಕಾಣದಿದ್ದರೆ ಪೆಟ್ಟಿಗೆ ಇಟ್ಟ ಜಾಗದಲ್ಲಿ ಒಂದು ದಿನವಿಡೀ ಕಣ್ಣಿಡಿ. ಬೆಳಿಗ್ಗಿನ ಎಳೆ ಬಿಸಿಲು ಬೇಕು, ಮಧ್ಯಾಹ್ನದ ಬಿಸಿಲು ಬೇಡ. ಸೆಕೆ ಜಾಸ್ತಿಯಾದರೆ ಬಾಗಿಲಲ್ಲಿ ನೊಣಗಳು ತಲೆ ಹೊರಗೆ ಮಾಡಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತಿರುತ್ತವೆ. ಮಧ್ಯಾಹ್ನ ಎಷ್ಟು ಹೊತ್ತು ಹೀಗೆ ಬೀಸುತ್ತವೆ ನೋಡಿ. ಸಂಜೆಯ ತನಕ ಬೀಸುತ್ತಿದ್ದರೆ ಜಾಗ ಬದಲಿಸಲೇಬೇಕು.

ಅಡಿಕೆ ತೋಟದಲ್ಲಿ ಇನ್ನೊಂದು ತೊಂದರೆ ಸ್ಪ್ರಿಂಕ್ಲರ್. ಜನವರಿಯಲ್ಲಿ ಪೆಟ್ಟಿಗೆ ಇಡುವಾಗ ಲೈನ್ ಬಂದ್ ಆಗಿರುತ್ತದೆ, ಆಮೇಲೆ ತಿರುಗಿಸಿದಾಗ ನೀರು ನೇರ ಬಾಗಿಲಿಗೇ ಬಡಿಯುತ್ತದೆ. ಪಂಪು ಹಾಕಿಸಿ, ನೀರು ಎಲ್ಲಿ ತನಕ ಬೀಳುತ್ತದೆ ಎಂದು ನೋಡಿಯೇ ಜಾಗ ಗುರುತಿಸಿ. ಸೋಗೆ, ಮಡಲು ಬೀಳುವ ನೇರಕ್ಕೂ ಇಡಬೇಡಿ.

ಮೇವಿನ ಲೆಕ್ಕವೂ ಜಾಗದ ಲೆಕ್ಕವೇ. ರಬ್ಬರ್ ಎಲೆ ಉದುರಿಸಿ ಚಿಗುರುವಾಗ ಎಳೆ ಎಲೆಯ ತೊಟ್ಟಿನ ತುದಿಯಲ್ಲಿ, ಮೂರು ಎಲೆ ಕೂಡುವಲ್ಲಿ, ಸಿಹಿ ರಸ ಜಿನುಗುತ್ತದೆ. ನಮ್ಮ ಕಡೆಯ ಜೇನಿನ ಸುಗ್ಗಿ ಅದೇ. ಆದರೆ ಆ ರಸದಲ್ಲಿ ಪರಾಗ ಇಲ್ಲ. ಬರೀ ರಬ್ಬರಿನ ನಡುವೆ ಇಟ್ಟ ಹೊಸ ಕುಟುಂಬದಲ್ಲಿ ಮೇಲೆ ಜೇನು ಇದ್ದು ಕೆಳಗೆ ಮರಿ ಇಲ್ಲದಂತಾಗಬಹುದು. ಸುತ್ತ ತೆಂಗು, ಅಡಿಕೆ ಇದ್ದರೆ ಪರಾಗಕ್ಕೆ ತೊಂದರೆ ಇಲ್ಲ.

ಜೂನ್ ಬಂದ ಮೇಲೆ ನಿಯಮವೇ ಬೇರೆ. ಆಟಿ ತಿಂಗಳ ಜಡಿಮಳೆಯಲ್ಲಿ ನೊಣ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ಜನವರಿಯಲ್ಲಿ ಹಿಡಿದು ಏಪ್ರಿಲಿನಲ್ಲಿ ಒಂದು ಹನಿ ಬಿಡದೆ ಜೇನು ತೆಗೆದವರ ಪೆಟ್ಟಿಗೆ ಈ ಹೊತ್ತಿಗೆ ಖಾಲಿಯಾಗುತ್ತದೆ. ಮರಿ ಸಾಕುವ ಕೆಳಗಿನ ಸಂಸಾರ ಕೋಣೆಯ ಜೇನಿಗೆ ಯಾವತ್ತೂ ಕೈಹಾಕಬೇಡಿ, ಮೇಲಿನ ಜೇನು ಕೋಣೆಯದ್ದು ಮಾತ್ರ ನಿಮ್ಮದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಪಾಕ ಕೊಡಿ. ನೊಣ ಇಲ್ಲದ ಎರಿಗಳನ್ನು ತೆಗೆದಿಡಿ, ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ನೀರು ಒಳಗೆ ನಿಲ್ಲದ ಹಾಗೆ ನೋಡಿಕೊಳ್ಳಿ. ಮೇಲೆ ಅಡಿಕೆ ಹಾಳೆ ಹೊದೆಸಿ ಕಲ್ಲು ಹೇರಿದರೂ ಆಯಿತು.

ಅದೇ ಪೆಟ್ಟಿಗೆಗೆ ಮತ್ತೆ ತುಂಬಿಸುವ ಮೊದಲು

ಕಾರಣ ಗೊತ್ತಾದ ಮೇಲೆ ಈಗ ಚೊಕ್ಕ ಮಾಡಿ. ಮೇಣದ ಹುಳು ಬಿದ್ದ ಎರಿಯನ್ನು ಕರಗಿಸಿ ಮೇಣ ಮಾಡಿ. ಸ್ಯಾಕ್‌ಬ್ರೂಡ್ ಇದ್ದ ಎರಿಯನ್ನು ಚೌಕಟ್ಟಿನ ಸಮೇತ ಸುಡಿ, ಪೆಟ್ಟಿಗೆಯ ಒಳಬದಿಯನ್ನು ಉರಿ ಹಿಡಿದು ತಿಳಿಕಂದು ಬರುವಷ್ಟು ಕಾಯಿಸಿ. ಸಂದುಗಳಲ್ಲಿ ಮೇಣದ ಹುಳುವಿನ ಬಿಳಿ ಗೂಡು ಅಂಟಿರುತ್ತದೆ, ಚಾಕುವಿನ ಮೊನೆಯಲ್ಲಿ ಕೆರೆಯಿರಿ. ರೋಗ, ವಿಷ ಎರಡೂ ಇಲ್ಲದ, ಹುಳು ಬೀಳದ ಒಳ್ಳೆಯ ಎರಿ ಇದ್ದರೆ ಒಂದನ್ನು ಪೆಟ್ಟಿಗೆಯಲ್ಲೇ ಬಿಡಿ. ಕಟ್ಟಿದ ಎರಿ ಇರುವ ಪೆಟ್ಟಿಗೆಗೆ ಮುಂದಿನ ಹಿಂಡು ಬೇಗ ಹೊಂದುತ್ತದೆ, ಕೆಲವೊಮ್ಮೆ ತಾನಾಗಿಯೇ ಬಂದು ಕೂರುವುದೂ ಇದೆ. ಹಿಂಡು ಸಣ್ಣದಾದರೆ ಎರಡು ಮೂರು ಚೌಕಟ್ಟು ಮಾತ್ರ ಇಟ್ಟು, ಉಳಿದ ಜಾಗಕ್ಕೆ ಅಡ್ಡ ಹಲಗೆ ಹಾಕಿ. ಅವು ಕಟ್ಟುತ್ತಾ ಬಂದ ಹಾಗೆ ಹಲಗೆಯನ್ನು ಒಂದೊಂದು ಚೌಕಟ್ಟಿನಷ್ಟು ಸರಿಸುತ್ತಾ ಹೋಗಿ.